ಓಣ್ಣಿಂದ್ರಿ ಅನ್ನುವ ಹಕ್ಕಿ

2024, ಡಿಸೆಂಬರ್ 15, ಭಾನುವಾರ, ಬೆಳಿಗ್ಗೆ 7.10. ಜಾಗ: ಡೊಂಬಿವಲಿ ಪೂರ್ವ, ನಮ್ಮ ಮನೆಯ ಬಾಲ್ಕನಿ, ಎರಡನೇ ಮಹಡಿ. ಬಿಸಿಲು ಇನ್ನೂ ಪಕ್ಕದ ಕಟ್ಟಡದ ನೀರಿನ ಟಾಕಿಯ ಮೇಲಷ್ಟೇ ಬಿದ್ದಿತ್ತು. ಕಂಡದ್ದು: ಇಂಡಿಯನ್ ಕೋರ್ಸರ್ ಹಕ್ಕಿ, ಎರಡು. ನೋಡಿದವರು: ಇಬ್ಬರು, ನಾನು ಮತ್ತು ಆಯಿ.

ಆಯಿ ಅಂದರೆ ಅಪ್ಪನ ತಾಯಿ. ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯ ನಮ್ಮವರು ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಮರಾಠಿಯಲ್ಲಿ ಅದೇ ಶಬ್ದಕ್ಕೆ ತಾಯಿ ಎಂದು ಅರ್ಥ. ಹಾಗಾಗಿ ನಾನು ಚಿಕ್ಕವಳಿದ್ದಾಗ ನಮ್ಮ ಬಿಲ್ಡಿಂಗಿನ ಹೆಂಗಸರು ಇಷ್ಟು ವಯಸ್ಸಾದ ತಾಯಿಗೆ ಇಷ್ಟು ಸಣ್ಣ ಮಗಳೇ ಎಂದು ಬೆರಗಾಗುತ್ತಿದ್ದರಂತೆ. ನನ್ನ ಕನ್ನಡವೆಲ್ಲ ಆಯಿಯಿಂದ ಬಂದದ್ದು. ಅವಳು ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುತ್ತಿದ್ದೆ. ಅಕ್ಷರಗಳನ್ನು ಮಾತ್ರ ನಂತರ ಭಾನುವಾರದ ತರಗತಿಯಲ್ಲಿ ಕಲಿತೆ.

ಆ ವರ್ಷದ ಮೇ ತಿಂಗಳಲ್ಲಿ ಆಯಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಬಾಯಿ ತೆರೆದರೆ 'ಬಾ ಬಾ' ಎಂಬ ಸದ್ದು. ನೀರಿಗೂ ಬಾ ಬಾ, ಫ್ಯಾನಿಗೂ ಬಾ ಬಾ. ಬೆಳಿಗ್ಗೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಜಾರದಂತೆ ಹಳೆಯ ಸೀರೆ ಕಟ್ಟಿ, ಬಾಲ್ಕನಿಗೆ ತರುವುದು ನನ್ನ ಕೆಲಸ. ಅಲ್ಲಿಂದ ನಾನು ಹಕ್ಕಿ ಎಣಿಸುತ್ತಿದ್ದೆ. ಕಾಲೇಜು ಮುಗಿದ ವರ್ಷದಿಂದ ಒಂದು ದಿನವೂ ಬಿಟ್ಟಿಲ್ಲ. ತಾರೀಖು, ಗಂಟೆ, ಹಕ್ಕಿ, ಎಷ್ಟು.

ನಮ್ಮ ಎದುರಿನ ಜಾಗ ಮೊದಲು ಭತ್ತದ ಗದ್ದೆಯಾಗಿತ್ತು. ನಡುವೆ ಒಂದು ಹೊಂಡ, ಅದರಲ್ಲಿ ಮಾರ್ಚ್‌ವರೆಗೂ ನೀರು. ಆಗಿನ ನನ್ನ ಲೆಕ್ಕದಲ್ಲಿ ನಲವತ್ತೊಂದು ಬಗೆಯ ಹಕ್ಕಿಗಳಿವೆ. ಆಮೇಲೆ ಡಂಪರುಗಳು ಬಂದವು. ಹೊಂಡ ಮುಚ್ಚಿ, ಒಡೆದ ಕಟ್ಟಡಗಳ ಇಟ್ಟಿಗೆ ಚೂರು ಸುರಿದು, ಮೇಲೆ ಗರಸು ಮಣ್ಣು ಹರಡಿ, ರೋಲರ್ ಓಡಿಸಿ ಸಮ ಮಾಡಿದರು. ಮೂರು ಟವರುಗಳ ಚಿತ್ರವಿದ್ದ ಒಂದು ಬೋರ್ಡು ನಿಂತಿತು. ನೀರಿನ ಹಕ್ಕಿಗಳು ಹೋದವು. ಉಳಿದದ್ದು ಹದಿನೇಳು ಬಗೆ, ಅದರಲ್ಲೂ ಕಾಗೆ, ಪಾರಿವಾಳ, ಮೈನಾಗಳೇ ಹೆಚ್ಚು. ಆದರೂ ಎಣಿಸುತ್ತಿದ್ದೆ.

ಆ ಭಾನುವಾರ ಗರಸಿನ ಮೇಲೆ ಏನೋ ಓಡಿತು. ಮೊದಲು ಟಿಟವಿ, ಅಂದರೆ ಟಿಟ್ಟಿಭ, ಅಂದುಕೊಂಡೆ. ಟಿಟವಿಯಾದರೆ ಇಷ್ಟು ಹೊತ್ತಿಗೆ ಇಡೀ ಓಣಿಗೆ ಕೇಳುವಂತೆ ಕೂಗಿರುತ್ತಿತ್ತು. ಇದು ಸದ್ದಿಲ್ಲದೆ ಓಡಿತು, ಗಕ್ಕನೆ ನಿಂತಿತು, ನೆಟ್ಟಗಾಯಿತು, ಮುಂದಕ್ಕೆ ಬಾಗಿ ಏನನ್ನೋ ಹೆಕ್ಕಿತು, ಮತ್ತೆ ಓಡಿತು. ದುರ್ಬೀನಿನಲ್ಲಿ ಹಿಡಿದೆ. ನೆತ್ತಿ ಇಟ್ಟಿಗೆಯ ಬಣ್ಣ. ಕಣ್ಣಿನ ಮೇಲೊಂದು ಬಿಳಿ ಗೆರೆ, ಕಣ್ಣಿನ ಮೂಲಕವೇ ಹಾಯುವ ಕಪ್ಪು ಗೆರೆ, ಎರಡೂ ಕತ್ತಿನ ಹಿಂದೆ ಹೋಗಿ ಕೂಡುತ್ತವೆ. ಕಾಲು ಸುಣ್ಣದ ಹಾಗೆ ಬಿಳಿ. ಅದರ ಹಿಂದೆ ಇನ್ನೊಂದು. ನನ್ನ ಹಕ್ಕಿ ಗೈಡಿನಲ್ಲಿ ಆ ಪುಟವನ್ನು ಅದೆಷ್ಟೋ ಸಲ ಸುಮ್ಮನೆ ನೋಡಿದ್ದೆ. ಒಣ ಬಯಲಿನ ಹಕ್ಕಿ, ಕಲ್ಲು ಗರಸಿನ ಹೊಲಗಳ ಹಕ್ಕಿ. ನಮ್ಮ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಅದಕ್ಕೇನೂ ಕೆಲಸವಿಲ್ಲ. ಹೊಂಡ ಮುಚ್ಚಿದ್ದರಿಂದಲೇ ಅದು ಬಂದಿತ್ತು. ಟವರು ಏಳುವವರೆಗೆ ಆ ಜಾಗ ಸಿಂದಗಿಯ ಹೊಲದಂತಿತ್ತು.

ಆಗ ಆಯಿ ಮಾತಾಡಿದಳು. ಎಡಗೈ ಕುರ್ಚಿಯ ಕೈಮೇಲಿಂದ ಎದ್ದಿತು, ಕಣ್ಣು ಹಕ್ಕಿಯ ಮೇಲಿತ್ತು.

"ಓಣ್ಣಿಂದ್ರಿ" ಅಂದಳು.

ಏಳು ತಿಂಗಳಲ್ಲಿ ಬಾ ಬಾ ಬಿಟ್ಟು ಬೇರೆ ಸದ್ದು ಅದೇ ಮೊದಲು. ದುರ್ಬೀನು ಕೆಳಗಿಟ್ಟೆ. ಫೋಟೊ ತೆಗೆಯುವುದು ಮರೆತುಹೋಯಿತು. ನೆನಪಾಗಿ ಮೊಬೈಲ್ ಹಿಡಿದಾಗ ಅವು ಬಹಳ ದೂರ ಹೋಗಿದ್ದವು. ಚಿತ್ರದಲ್ಲಿ ಎರಡು ಕಂದು ಚುಕ್ಕೆಗಳಿವೆ, ಇಟ್ಟಿಗೆ ಚೂರು ಅಂದರೂ ನಡೆಯುತ್ತದೆ.

ಅಪ್ಪ, ಅವ್ವ ಇಬ್ಬರೂ ಒಳಗಿನಿಂದ ಬಂದರು. ಆಯಿ ಅದನ್ನೇ ಮತ್ತೊಮ್ಮೆ ಅಂದಳು.

"ಓಡಿ ನಿಂದ್ರಾಕಿ ಅಂದಾಳ" ಎಂದರು ಅಪ್ಪ. "ಓಡ್ತದ, ನಿಂದರ್ತದ. ಕಂಡದ್ದ ಹೇಳ್ಯಾಳ."

ಅವ್ವ ಒಪ್ಪಲಿಲ್ಲ. "ಹಕ್ಕಿಗಲ್ಲ, ನನಗ ಅಂದದ್ದು. ಓಣ್ಯಾಗ ನಿಂದ್ರಬ್ಯಾಡ ಅಂತ. ಮದುವ್ಯಾಗಿ ಬಂದಾಗಿಂದ ಕೇಳೇನಿ, ನನಗ ಗೊತ್ತಾಗಂಗಿಲ್ಲೇನು."

ಅಪ್ಪ ನಕ್ಕರು. ಬಹಳ ದಿನಗಳ ನಂತರ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಅದು. ನನಗೆ ಮಾತ್ರ ಮೂರನೆಯದೇ ಅನ್ನಿಸಿತ್ತು. ಅದು ಹಕ್ಕಿಯ ಹೆಸರು. ಆಯಿ ಚಿಕ್ಕಂದಿನಲ್ಲಿ ಹೊಲದಲ್ಲಿ ನೋಡಿದ ಹಕ್ಕಿಯನ್ನು ಗುರುತಿಸಿ, ಹೆಸರು ಹಿಡಿದು ಕರೆದಿದ್ದಾಳೆ.

ಇದು ಯಾಕೆ ಮುಖ್ಯವಾಗಿತ್ತು ಎಂದು ಹೇಳಬೇಕು. ಆಯಿಯನ್ನು ವಾರಕ್ಕೊಮ್ಮೆ ಕಲ್ಯಾಣದ ಒಂದು ಕೇಂದ್ರಕ್ಕೆ ಮಾತಿನ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದೆವು. ಅಲ್ಲಿನ ತಜ್ಞೆ ಒಳ್ಳೆಯವರು, ಮರಾಠಿಯವರು. ಚಿತ್ರದ ಕಾರ್ಡುಗಳನ್ನು ತೋರಿಸಿ ಹೆಸರು ಹೇಳಿಸುತ್ತಿದ್ದರು: ಗಿಣಿ, ಬಾಳೆಹಣ್ಣು, ಬಸ್ಸು. ಅವರು ಮರಾಠಿಯಲ್ಲಿ ಕೇಳಿದ್ದನ್ನು ಅಪ್ಪ ಕನ್ನಡಕ್ಕೆ ಮಾಡುತ್ತಿದ್ದರು. ಆಯಿ ಕಾರ್ಡು ನೋಡದೆ ಅವರ ಬಳೆಗಳನ್ನು ನೋಡುತ್ತಿದ್ದಳು. ಜನವರಿ ಕೊನೆಯವರೆಗೆ ನೋಡೋಣ, ಒಂದೇ ಒಂದು ಶಬ್ದವಾದರೂ ಒಂದು ವಸ್ತುವಿಗೆ ಅಂಟಿಕೊಂಡರೆ ಮುಂದುವರಿಸಬಹುದು, ಇಲ್ಲದಿದ್ದರೆ ಅವಳನ್ನು ಇಷ್ಟು ದೂರ ಹೊತ್ತು ತಂದು ದಣಿಸುವುದು ಬೇಡ ಎಂದು ಅವರು ಹೇಳಿದ್ದರು. ಅಪ್ಪ ಒಂದೇ ಪ್ರಶ್ನೆ ಕೇಳಿದ್ದರು, ಇವಳಿಗೆ ನಾವು ಯಾರೆಂದು ಗೊತ್ತಿದೆಯೇ ಎಂದು. ಹೇಳುವುದು ಕಷ್ಟ ಎಂಬುದು ಉತ್ತರ. ಅಂದಿನಿಂದ ಅಪ್ಪ ಅದೊಂದನ್ನೇ ಹುಡುಕುತ್ತಿದ್ದರು. ಓಣ್ಣಿಂದ್ರಿ ಒಂದು ಹೆಸರಾಗಿದ್ದರೆ, ಆಯಿ ಒಳಗಿದ್ದಾಳೆ.

ಅಂದು ಮಧ್ಯಾಹ್ನ ಗೈಡನ್ನು ಅವಳ ಮಡಿಲಲ್ಲಿಟ್ಟೆ. ಠಾಣೆ ಸ್ಟೇಷನ್ ಹೊರಗಿನ ಹಳೆ ಪುಸ್ತಕದ ಗಾಡಿಯಿಂದ ಕೊಂಡದ್ದು ಅದು. ಹಿಂದಿನ ಯಾರೋ ತಾವು ನೋಡಿದ ಹಕ್ಕಿಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಕೋರ್ಸರ್ ಮುಂದೆ ಗುರುತಿಲ್ಲ. ಹೆಸರುಗಳು ಇಂಗ್ಲಿಷು, ಹಿಂದಿ, ಮರಾಠಿಯಲ್ಲಿವೆ, ಕನ್ನಡದಲ್ಲಿಲ್ಲ. ಆಯಿ ಚಿತ್ರದ ಮೇಲೆ ಹೆಬ್ಬೆರಳು ಆಡಿಸಿದಳು, ಅಕ್ಕಿಯಲ್ಲಿ ಕಂಡ ಕಲ್ಲನ್ನು ಸರಿಸುವ ಹಾಗೆ. ಏನೂ ಅನ್ನಲಿಲ್ಲ. ಗೈಡಿನಲ್ಲಿ ಎಲ್ಲ ಹಕ್ಕಿಗಳೂ ಒಂದೇ ಕಡೆ ಮುಖ ಮಾಡಿ ಅಲುಗಾಡದೆ ನಿಂತಿರುತ್ತವೆ. ಅವಳಿಗೆ ಹಕ್ಕಿ ಎಂದರೆ ಓಡುವುದು.

ಅದೇ ಸಂಜೆ ಹಕ್ಕಿ ನೋಡುವ ನಾವೆಲ್ಲ ಬಳಸುವ ಆ್ಯಪಿನಲ್ಲಿ ಪಟ್ಟಿ ಹಾಕಿದೆ. ನಮ್ಮ ಕಡೆ ಅಪರೂಪದ ಹಕ್ಕಿಯಾದರೆ ಅದು ವಿವರ ಕೇಳುತ್ತದೆ. ಗೆರೆ, ಕಾಲು, ಓಟ, ಬೆಳಕು ಎಲ್ಲ ಬರೆದೆ. ಕೊನೆಗೆ 'ಸ್ಥಳೀಯ ಕನ್ನಡ ಹೆಸರು: ಓಣ್ಣಿಂದ್ರಿ' ಎಂದೂ ಸೇರಿಸಿದೆ. ಮೂರು ದಿನಗಳ ನಂತರ ಪಟ್ಟಿಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರ ಪತ್ರ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು. ಫೋಟೊದಿಂದ ಏನೂ ತಿಳಿಯುವುದಿಲ್ಲ, ಎಳೆಯ ಟಿಟವಿ ಇರಬಹುದೇ? ವೀಕ್ಷಕರು ಇಬ್ಬರು ಎಂದು ಹಾಕಿದ್ದೀರಿ. ಎರಡನೆಯವರು ಕಂಡದ್ದನ್ನು ತಮ್ಮದೇ ಮಾತಿನಲ್ಲಿ ಎರಡು ಸಾಲು ಬರೆದು ಕಳಿಸಿದರೆ ದಾಖಲೆ ಒಪ್ಪಬಹುದು.

ಆ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡನೆಯವರು ಅಂದರೆ ಯಾರು ಎಂದು ಕೇಳಿದರು. ಹೇಳಿದೆ. ಅವರು ಎದ್ದು ಹೋಗಿ ಆಯಿಯ ಕುರ್ಚಿಗೆ ಕಟ್ಟಿದ ಸೀರೆಯ ಗಂಟು ಬಿಗಿಯಾಗಿದೆಯೇ ನೋಡಿದರು.

ಡಿಸೆಂಬರ್ 22ರಂದು ಮತ್ತೆ ಒಂದು ಹಕ್ಕಿ ಬಂತು. ಆಯಿ ನಿದ್ದೆಯಲ್ಲಿದ್ದಳು. ಎಬ್ಬಿಸುವಷ್ಟರಲ್ಲಿ ನಾಯಿಗಳು ಓಡಿಸಿದವು.

ಅಪ್ಪ ವಾಶಿಯ ಈರುಳ್ಳಿ ಬಟಾಟೆ ಮಾರ್ಕೆಟಿನಲ್ಲಿ ಒಬ್ಬ ವ್ಯಾಪಾರಿಯ ಬಳಿ ಮೆಹ್ತಾಜಿ, ಅಂದರೆ ಗುಮಾಸ್ತ. ಅಲ್ಲಿ ಚೀಲ ಹೊರುವವರಲ್ಲಿ ಕಲಬುರಗಿ, ವಿಜಯಪುರ, ರಾಯಚೂರಿನವರು ಎಷ್ಟೋ ಜನ. ಅವರನ್ನು ಕೇಳೋಣ ಎಂದದ್ದು ಅಪ್ಪನೇ. ನನಗೆ ಕ್ರಿಸ್ಮಸ್ ರಜೆಯಿದ್ದ ದಿನ ಅವರ ಜೊತೆ ಹೋದೆ, ಠಾಣೆಯಲ್ಲಿ ಗಾಡಿ ಬದಲಿಸಿ. ಚಹದ ಹೊತ್ತಿಗೆ ಚೀಲಗಳ ಮೇಲೆ ಕೂತವರ ನಡುವೆ ಗೈಡಿನ ಪುಟ ಕೈಯಿಂದ ಕೈಗೆ ಹೋಯಿತು. ಹೆಸರನ್ನು ನಾನು ಮೊದಲೇ ಹೇಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಹೇಳಿಬಿಟ್ಟರೆ ಹೌದು ಅನ್ನುವವರೇ ಹೆಚ್ಚು. ಕಲಬುರಗಿಯವರೊಬ್ಬರು ಬುರ್ಲಿ ಎಂದರು. ರಾಯಚೂರಿನವರು ಬುರ್ಲಿಗೆ ಇಷ್ಟು ಉದ್ದ ಕಾಲು ಎಲ್ಲಿಯದು, ಇದು ಗೌಜಿಗ ಎಂದರು. ಇವೆರಡೂ ಕೋರ್ಸರ್ ಅಲ್ಲ, ಬೇರೆ ಹಕ್ಕಿಗಳು ಎಂದು ನನಗೆ ಗೊತ್ತಿತ್ತು. ಒಬ್ಬ ಹುಡುಗ ಮೆಹ್ತಾಜಿಯ ಮಗಳಿಗೆ ವರ ಹುಡುಕಬೇಕು, ಅವಳು ಹಕ್ಕಿ ಹುಡುಕುತ್ತಿದ್ದಾಳೆ ಎಂದು ಹಿಂದಿನಿಂದ ಹಾಸ್ಯ ಮಾಡಿದ.

ಸಿಂದಗಿಯವರೇ ಒಬ್ಬರಿದ್ದರು, ಆಯಿಯ ಊರಿನಿಂದ ಎರಡು ಹಳ್ಳಿ ಆಚೆಯವರು, ವಯಸ್ಸಾದವರು. ಎಲ್ಲರೂ ಅವರ ಕಡೆ ನೋಡಿದರು. ಅವರು ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಈ ಹಕ್ಕಿಯನ್ನು ಹೊಲದಲ್ಲಿ ಬೇಕಾದಷ್ಟು ನೋಡಿದ್ದೇನೆ ಎಂದರು. ಅಪ್ಪ ಚಹದ ಗ್ಲಾಸು ಕೆಳಗಿಟ್ಟು, ನಿಮ್ಮ ಕಡೆ ಇದಕ್ಕೆ ಏನು ಅನ್ನುತ್ತಾರೆ ಎಂದು ಕೇಳಿದರು.

"ನಮ್ಮ ಕಡಿ ಇದಕ್ಕ ಹಕ್ಕಿ ಅಂತಾರ್ರಿ" ಎಂದರು ಅವರು.

ಯಾರೂ ನಗಲಿಲ್ಲ. ಅವರು ಹಾಸ್ಯಕ್ಕೆ ಹೇಳಿರಲಿಲ್ಲ.

ಹೊಸ ವರ್ಷದ ಮೊದಲ ಬುಧವಾರ ಕಲ್ಯಾಣಕ್ಕೆ ಹೋದಾಗ ಅಪ್ಪ ತಜ್ಞೆಗೆ ಎಲ್ಲ ಹೇಳಿದರು. ಅವರು ಸಂತೋಷಪಟ್ಟರು, ಆದರೆ ಹೆಚ್ಚಲ್ಲ. ಇಂಥ ಕಾಯಿಲೆಯಲ್ಲಿ ಕೆಲವೊಮ್ಮೆ ಒಂದು ಶಬ್ದ ನಾಲಿಗೆಗೆ ಸಿಕ್ಕಿಕೊಂಡುಬಿಡುತ್ತದೆ, ಆಮೇಲೆ ಕಂಡ ಕಂಡದ್ದಕ್ಕೆಲ್ಲ ಅದೇ ಬರುತ್ತದೆ ಎಂದರು. ಬೇರೆ ಯಾವುದಕ್ಕಾದರೂ ಅದನ್ನೇ ಅನ್ನುತ್ತಾರೆಯೇ ಗಮನಿಸಿ. ಅವರ ಫೋನಿನಲ್ಲಿ ಕೋರ್ಸರಿನ ವೀಡಿಯೊ ಹುಡುಕಿ ಆಯಿಯ ಮುಂದೆ ಹಿಡಿದೆ. ಅದರಲ್ಲಿ ಹಕ್ಕಿ ಓಡುತ್ತಿತ್ತು, ನಿಲ್ಲುತ್ತಿತ್ತು. ಆಯಿ ಬಳೆ ನೋಡಿದಳು.

ಹಿಂದಿರುಗುವಾಗ ರಿಕ್ಷಾದಲ್ಲಿ ಆಯಿ ನಡುವೆ, ನಾವಿಬ್ಬರು ಆಚೀಚೆ. ಪತ್ರಿ ಪೂಲ್ ಸೇತುವೆಯ ಬಳಿ ಟ್ರಾಫಿಕ್ಕು. ಮುಂದಿನ ರಿಕ್ಷಾ ಸ್ವಲ್ಪ ಜೋರಾಗಿ ಓಡಿ, ಬ್ರೇಕು ಹಾಕಿ ನಿಂತಿತು. ಆಯಿಯ ಎಡಗೈ ನನ್ನ ಮೊಣಕಾಲಿನಿಂದ ಎದ್ದಿತು.

"ಓಣ್ಣಿಂದ್ರಿ."

ಅಪ್ಪ ಹೊರಗೆ ನೋಡುತ್ತಿದ್ದರು. ನಮ್ಮ ರಿಕ್ಷಾ ಸೇತುವೆ ಇಳಿದ ಮೇಲೆ ಮಾತಾಡಿದರು. "ನಿನ್ನ ಹಕ್ಕಿ ಇಲ್ಲೂ ಬಂತಲ್ಲವ್ವ."

"ಅಪ್ಪಾ, ರಿಕ್ಷಾ ಭೀ ಓಡಿ ನಿಂತಿತಲ್ಲ. ನೀವೇ ಅಂದಿದ್ರಿ, ಓಡಿ ನಿಂದ್ರಾಕಿ ಅಂತ."

"ಎಲ್ಲಾನೂ ಓಡತಾವ, ನಿಂದರ್ತಾವ. ಹಂಗಾರ ಎಲ್ಲಾದಕ್ಕೂ ಅದ ಹೆಸರಿಡು."

ಮರುದಿನ ಕುಕ್ಕರಿನ ಸೀಟಿ ನಿಂತಾಗಲೂ ಆಯಿ ಹಾಗೆ ಅಂದಳು ಎಂದು ಅವ್ವ ಹೇಳಿದಳು. ಅದನ್ನೂ ಬರೆದಿಟ್ಟಿದ್ದೇನೆ, ನಾನು ಕೇಳಿಲ್ಲ ಎಂಬ ಷರಾದೊಂದಿಗೆ.

ಠಾಣೆಯಿಂದ ಕಲ್ಯಾಣದವರೆಗಿನ ಹಕ್ಕಿ ನೋಡುವವರ ಒಂದು ವಾಟ್ಸಾಪ್ ಗುಂಪಿದೆ. ಅವರು ನಮ್ಮ ಜಿಲ್ಲೆಯ ಹಕ್ಕಿಗಳಿಗೆ ಒಂದು ಕಿಸೆಗೈಡು ಮಾಡುತ್ತಿದ್ದರು, ಇಲ್ಲಿ ಜನ ಆಡುವ ಎಲ್ಲ ಭಾಷೆಗಳ ಹೆಸರುಗಳೊಂದಿಗೆ. ಜನವರಿ 12ರಂದು ಅಲ್ಲಿ ಕೇಳಿದೆ: ಇಂಡಿಯನ್ ಕೋರ್ಸರಿಗೆ ಉತ್ತರ ಕರ್ನಾಟಕದಲ್ಲಿ ಏನಾದರೂ ಹೆಸರಿದೆಯೇ? ಇಲ್ಲೂ ನಾನು ಶಬ್ದ ಹೇಳಲಿಲ್ಲ. ಎರಡು ವಾರ ಯಾರೂ ಉತ್ತರಿಸಲಿಲ್ಲ. ಜನವರಿ 26ರ ಭಾನುವಾರ ನವಿ ಮುಂಬೈಯ ಸದಸ್ಯರೊಬ್ಬರು ಒಂದು ಪಟ್ಟಿಯ ಚಿತ್ರ ಕಳಿಸಿದರು. ಹೌದು, ಇದೆ, ನೋಡಿ ಎಂದು ಬರೆದಿದ್ದರು. ಅಚ್ಚುಕಟ್ಟಾದ ಪಟ್ಟಿ, ಕನ್ನಡದ ಸಾಲಿನಲ್ಲಿ ಕನ್ನಡದ್ದೇ ಅಕ್ಷರ: ಓಣ್ಣಿಂದ್ರಿ.

ನಾನು ಒಳಗೆ ಓಡಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಆ ವಾರದಿಂದ ಕಲ್ಯಾಣದ ಅಭ್ಯಾಸ ಬಿಡುವುದೆಂದು ಅಷ್ಟರಲ್ಲಿ ನಿರ್ಧಾರವಾಗಿತ್ತು. ಅವರು ತಕ್ಷಣ ಫೋನು ಮಾಡಿ ಬುಧವಾರ ಬರುತ್ತೇವೆ ಎಂದರು. ಆಮೇಲೆ ಆಯಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಅವಳ ಎಡಗೈ ಹಿಡಿದುಕೊಂಡು, ಊರಿನ ಸುದ್ದಿಗಳನ್ನೆಲ್ಲ ಹೇಳತೊಡಗಿದರು. ಯಾರ ಹೊಲ ಯಾರು ಕೊಂಡರು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು. ಮೇ ತಿಂಗಳಿನಿಂದ ಅವರು ಆಯಿಯೊಂದಿಗೆ ಹಾಗೆ ಮಾತಾಡಿರಲಿಲ್ಲ. ಏಳು, ಉಣ್ಣು, ನುಂಗು, ಇಷ್ಟೇ.

ಸೋಮವಾರ ಲೋಕಲಿನಲ್ಲಿ ನಿಂತು ಆ ಚಿತ್ರವನ್ನು ಮತ್ತೆ ನೋಡಿದೆ. ಆ ಎರಡು ಣ. ಆಯಿಯ ನಾಲಿಗೆ ತಿರುಗದೆ ಹೊರಬಂದ ಸದ್ದನ್ನು ಡಿಸೆಂಬರಿನಲ್ಲಿ ನಾನು ನನ್ನ ಕಿವಿಗೆ ಬಿದ್ದ ಹಾಗೆ ಬರೆದಿದ್ದೆ. ಸಿಂದಗಿಯಲ್ಲಿ ನಿಜವಾಗಿ ಅಂಥ ಹೆಸರಿದ್ದು, ಅದನ್ನು ಸರಿಯಾದ ನಾಲಿಗೆಯವರು ಹೇಳಿ, ಬೇರೆ ಯಾರೋ ಬರೆದಿದ್ದರೆ ಅದು ಓಡಿನಿಂದ್ರಿ ಎಂದೋ ಓಡ್ನಿಂದ್ರಕಿ ಎಂದೋ ಆಗಿರುತ್ತಿತ್ತು. ಲಕ್ವ ಹೊಡೆದ ಬಾಯಿಯ ಶಬ್ದ ಪಟ್ಟಿಯಲ್ಲಿ ಹಾಗೇ ಇರಲು ಸಾಧ್ಯವಿಲ್ಲ. ಪಟ್ಟಿ ಎಲ್ಲಿಂದ ಬಂತು ಎಂದು ಆ ಸದಸ್ಯರನ್ನು ಕೇಳಿದೆ. ಅವರು ಪಟ್ಟಿ ಮಾಡಿದವರನ್ನು ಕೇಳಿ ಹೇಳಿದರು: ಆ್ಯಪಿನಲ್ಲಿ, ಡೊಂಬಿವಲಿಯ ಒಂದು ದಾಖಲೆಯಲ್ಲಿ ಇತ್ತು. ಹಕ್ಕಿಯ ದಾಖಲೆ ಒಪ್ಪಿಗೆಯಾಗಿಲ್ಲ, ಹೆಸರನ್ನಷ್ಟೇ ತೆಗೆದುಕೊಂಡೆವು.

ಅದನ್ನು ತೆಗೆದುಹಾಕಿ ಎಂದು ಬೇಡಿಕೊಂಡೆ. ಕನ್ನಡಕ್ಕೆ ಬೇರೆ ಹೆಸರು ಸಿಕ್ಕಿಲ್ಲ, ಸಾಲು ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ, ಅಲ್ಲದೆ ಪುಟಗಳು ಪ್ರೆಸ್ಸಿಗೆ ಹೋಗಿವೆ ಎಂದು ಉತ್ತರ ಬಂತು.

ಬುಧವಾರದೊಳಗೆ ಅಪ್ಪನಿಗೆ ಹೇಳಲೇಬೇಕಿತ್ತು. ಮಂಗಳವಾರ ಸಂಜೆ ಹೇಳಿದೆ. ಅವರು ಬೈಯಲಿಲ್ಲ. ಹಂಗಾರ ನಮ್ಮದ ನಮಗ ಬಂತು, ಎಂದರು. ಆದರೂ ಬುಧವಾರ ಕಲ್ಯಾಣಕ್ಕೆ ಹೋದೆವು, ಬರುತ್ತೇವೆ ಎಂದಿದ್ದರಿಂದ. ಅದೇ ಕೊನೆಯದು.

ಫೆಬ್ರವರಿ 9ರಂದು ಎದುರಿನ ಜಾಗದ ಸುತ್ತ ತಗಡಿನ ಪತ್ರಾ ಹೊಡೆದರು, ಆಳೆತ್ತರಕ್ಕಿಂತ ಮೇಲೆ. ನಮ್ಮ ಎರಡನೇ ಮಹಡಿಯಿಂದ ಆಚೆಯ ಅಂಚಿನ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಪೈಲಿಂಗ್ ಯಂತ್ರ ಬೆಳಗಿನಿಂದ ನೆಲ ಗುದ್ದುತ್ತದೆ. ಕೋರ್ಸರ್: ಸೊನ್ನೆ. ಅಂದಿನಿಂದ ಇಂದಿನವರೆಗೆ ಸೊನ್ನೆಯೇ. ಫೆಬ್ರವರಿ 20ಕ್ಕೆ ಆಯಿಗೆ ಇನ್ನೊಂದು ಸಲ ಲಕ್ವ ಹೊಡೆಯಿತು. ಈಗ ಅವಳು ಹಾಸಿಗೆಯಲ್ಲಿದ್ದಾಳೆ, ಕುರ್ಚಿಯಲ್ಲಿ ಕೂರಿಸಲು ಆಗುವುದಿಲ್ಲ. ಓಣ್ಣಿಂದ್ರಿಯೂ ಇಲ್ಲ, ಬಾ ಬಾ ಕೂಡ ಇಲ್ಲ. ಆ್ಯಪಿನಲ್ಲಿ ನನ್ನ ದಾಖಲೆಯ ಮುಂದೆ 'ದೃಢಪಟ್ಟಿಲ್ಲ' ಎಂದಿದೆ. ಎರಡನೇ ವೀಕ್ಷಕರ ಎರಡು ಸಾಲಿಗೆ ಅದು ಇನ್ನೂ ಜಾಗ ಬಿಟ್ಟುಕೊಂಡಿದೆ.

ಕಿಸೆಗೈಡು ಏಪ್ರಿಲಿನಲ್ಲಿ ಬಂತು. ಚಿತ್ರ ಚೆನ್ನಾಗಿದೆ. ಅಪ್ಪ ಆ ಪುಟ ತೆರೆದು ಹೆಸರನ್ನು ಗಟ್ಟಿಯಾಗಿ ಆಯಿಗೆ ಓದಿದರು. ಅವಳ ಕಣ್ಣು ತೆರೆದಿತ್ತು. ಅವರು ಸ್ವಲ್ಪ ಹೊತ್ತು ಕಾದು, ಪುಸ್ತಕವನ್ನು ಔಷಧಿಗಳ ಪಕ್ಕ ಇಟ್ಟರು.

ಇದನ್ನು ಓದುವವರಲ್ಲಿ ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಜೇವರ್ಗಿ ಕಡೆಯವರಿದ್ದರೆ ಒಂದು ಮಾತು. ಗರಸಿನ ಹೊಲದಲ್ಲಿ ಓಡಿ ಓಡಿ ನಿಲ್ಲುವ, ಇಟ್ಟಿಗೆ ಬಣ್ಣದ ನೆತ್ತಿಯ, ಬಿಳಿ ಕಾಲಿನ ಈ ಹಕ್ಕಿಯನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು? ಆಯಿಯ ಶಬ್ದಕ್ಕೆ ಹತ್ತಿರದ್ದೇನಾದರೂ ಕೇಳಿದ್ದರೆ, ಯಾವ ಊರು, ಯಾರ ಬಾಯಿಂದ ಎಂದು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಬೇರೆ ಹೆಸರಿದ್ದರೂ ಬರೆಯಿರಿ. ಅಂಥ ಹೆಸರೇ ಇಲ್ಲ ಎಂದು ಖಚಿತವಾಗಿ ಗೊತ್ತಿದ್ದರೆ ಅದನ್ನೂ ಬರೆಯಿರಿ, ಅಪ್ಪನಿಗೆ ನಾನೇ ಹೇಳುತ್ತೇನೆ. ಕಿಸೆಗೈಡು ನೋಡಿ ಮಾತ್ರ ಬರೆಯಬೇಡಿ. ಅದರಲ್ಲಿರುವುದು ನನ್ನ ಕಿವಿ.